ಆಫೀಸ್ ಪ್ರಿಂಟರಿಗೆ ಬಿಳಿ ಇಂಕ್ ತುಂಬಿಸುವ ಮುನ್ನ

ಟೀ ಶರ್ಟ್ ಮುದ್ರಣಕ್ಕೆ ಕೈ ಹಾಕಬೇಕೆಂದಿರುವ ಸಣ್ಣ ಅಂಗಡಿಯವರು ದಯವಿಟ್ಟು ಇದನ್ನು ಓದಿ. ಬಿಲ್ಲು, ಅರ್ಜಿ ಮುದ್ರಿಸುವ ಅಗ್ಗದ ಇಂಕ್‌ಜೆಟ್ ಪ್ರಿಂಟರನ್ನೇ ಡಿಟಿಎಫ್ ಯಂತ್ರವಾಗಿ ಬದಲಾಯಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಎಂದರೆ ಚಿತ್ರವನ್ನು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಮುದ್ರಿಸಿ, ಅಂಟಿನ ಪುಡಿ ಹಾಕಿ ಕಾಯಿಸಿ, ಆಮೇಲೆ ಬಟ್ಟೆಗೆ ಒತ್ತುವ ವಿಧಾನ. ಕಳೆದ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಅಂಗಡಿಯ ಹೊಸ ಪ್ರಿಂಟರ್ ಹೀಗೆಯೇ ಮೂಲೆ ಸೇರಿತು. ಬಂದಿದ್ದ ಆರ್ಡರೂ ಕೈತಪ್ಪಿತು.

ಮಾರಿದವನು ತೋರಿಸಿದ ಮಾದರಿ ಚೆನ್ನಾಗಿಯೇ ಇತ್ತು. ಬಿಳಿ ಇಂಕಿನ ಗುಣವನ್ನು ಮಾತ್ರ ಅವನು ಹೇಳಲಿಲ್ಲ. ಅದಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಕಣಗಳು ಭಾರ. ಕಲಕದೆ ಬಿಟ್ಟರೆ ತಳಕ್ಕೆ ಇಳಿಯುತ್ತವೆ, ಇಂಕ್ ಚಿಮ್ಮಿಸುವ ಹೆಡ್‌ನ ಸಣ್ಣ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತವೆ. ಡಿಟಿಎಫ್‌ಗೆಂದೇ ತಯಾರಾದ ಒಳ್ಳೆಯ ಯಂತ್ರಗಳಲ್ಲಿ ಬಿಳಿ ಇಂಕನ್ನು ಕಲಕುತ್ತ, ಕೊಳವೆಗಳಲ್ಲಿ ಸುತ್ತಿಸುತ್ತ ಇರುವ ವ್ಯವಸ್ಥೆ ಇರುತ್ತದೆ. ಆಫೀಸ್ ಪ್ರಿಂಟರಿನಲ್ಲಿ ಅದಿಲ್ಲ. ಭಾನುವಾರ ರಜೆ ಮಾಡಿ ಸೋಮವಾರ ನಾಝಲ್ ಚೆಕ್ (ಎಲ್ಲ ರಂಧ್ರಗಳಿಂದ ಇಂಕ್ ಬರುತ್ತಿದೆಯೇ ಎಂದು ನೋಡುವ ಗೆರೆಗಳ ಪರೀಕ್ಷಾ ಮುದ್ರಣ) ತೆಗೆದರೆ ಬಿಳಿ ಗೆರೆಗಳು ಅಲ್ಲಲ್ಲಿ ಮಾಯವಾಗಿರುತ್ತಿದ್ದವು. ಹೆಡ್ ಕ್ಲೀನಿಂಗ್ ಕೊಟ್ಟಷ್ಟೂ ದುಬಾರಿ ಇಂಕು, ಪ್ರಿಂಟರಿನೊಳಗೆ ವ್ಯರ್ಥ ಇಂಕು ಹೀರುವ ವೇಸ್ಟ್ ಪ್ಯಾಡಿನ ಪಾಲು.

ಒಂದೆರಡು ಗೆರೆ ತಾನೇ ಎಂದುಕೊಳ್ಳಬೇಡಿ. ಫಿಲ್ಮಿನ ಮೇಲೆ ಮೊದಲು ಬಣ್ಣ, ಅದರ ಮೇಲೆ ಬಿಳಿ ಬೀಳುತ್ತದೆ; ಬಟ್ಟೆಗೆ ಒತ್ತಿದಾಗ ಆ ಬಿಳಿಯೇ ಬಣ್ಣದ ಅಡಿಪದರವಾಗುತ್ತದೆ. ಅಂಟಿನ ಪುಡಿ ಹಿಡಿಯುವುದು ಆ ಹಸಿ ಬಿಳಿಗೆ. ಕಪ್ಪು ಶರ್ಟಿನ ಮೇಲೆ ಹಳದಿ-ಕೆಂಪು ಬಾವುಟ ಒತ್ತಿದಾಗ ಹಳದಿಯ ನಡುವೆ ಕೂದಲೆಳೆಯಂಥ ಕಪ್ಪು ಗೀರುಗಳು ಸಾಲಾಗಿ ಎದ್ದು ಕಂಡವು. ಒಗೆದು ನೋಡಿದರೆ ಅದೇ ಗೀರುಗಳ ಅಂಚಿನಿಂದ ಚಿತ್ರ ಸುಲಿಯತೊಡಗಿತ್ತು. ದುಡ್ಡು ಕೊಡುವ ಗಿರಾಕಿಯ ಕೈಗೆ ಅದನ್ನು ಹೇಗೆ ಇಡುವುದು?

ನಾಲ್ಕೇ ಬಣ್ಣದ ಪ್ರಿಂಟರಾದರೆ ತೊಂದರೆ ಇನ್ನೂ ಹೆಚ್ಚು. ಬಿಳಿಗೆ ಬೇರೆ ಜಾಗವಿಲ್ಲದೆ ಕಪ್ಪಿನ ಟ್ಯಾಂಕಿಗೇ ಅದನ್ನು ತುಂಬುತ್ತಾರೆ. ಆಮೇಲೆ ಕಪ್ಪನ್ನು ಉಳಿದ ಮೂರು ಬಣ್ಣ ಬೆರೆಸಿಯೇ ಪಡೆಯಬೇಕು. ನಮ್ಮಲ್ಲಿ ಅಕ್ಷರಗಳೆಲ್ಲ ಕಂದು ಛಾಯೆಗೆ ತಿರುಗಿದವು. ನುಣುಪಾದ ಫಿಲ್ಮ್ ರೋಲರಿನಲ್ಲಿ ಜಾರುತ್ತದೆ, ಪಾರದರ್ಶಕವಾದ್ದರಿಂದ ಕಾಗದದ ಸೆನ್ಸರ್ ಅದನ್ನು ಗುರುತಿಸದೆಯೂ ಹೋಗಬಹುದು. ಬದಲಾಯಿಸುವ ಕಿಟ್ ಜೊತೆ ಕೊಟ್ಟ ರಿಪ್ ಸಾಫ್ಟ್‌ವೇರ್ (ಎಲ್ಲಿ ಬಣ್ಣ, ಎಲ್ಲಿ ಬಿಳಿ ಬೀಳಬೇಕೆಂದು ಪ್ರಿಂಟರಿಗೆ ಹೇಳುವ ತಂತ್ರಾಂಶ) ಕೂಡ ನಕಲಿ ಪ್ರತಿ. ಪ್ರಿಂಟರ್ ಬಿಚ್ಚಿದ್ದಾರೆಂದು ವಾರಂಟಿಯೂ ಸಿಗಲಿಲ್ಲ. ಹೊಸ ಹೆಡ್‌ನ ಬೆಲೆ ಕೇಳಿದ ಮೇಲೆ ರಿಪೇರಿಯ ಯೋಚನೆಯನ್ನೇ ಬಿಟ್ಟೆವು.

ಇನ್ನೊಂದು ಮಾತು, ಇದು ಆರೋಗ್ಯದ್ದು: ಪುಡಿ ಕಾಯಿಸುವಾಗ ಏಳುವ ಹೊಗೆ ಗಂಟಲು, ಕಣ್ಣು ಉರಿಸುತ್ತದೆ. ಗಾಳಿಯಾಡದ ಕೋಣೆಯಲ್ಲಿ, ಮಕ್ಕಳು ಓಡಾಡುವ ಮನೆಯಲ್ಲಿ ಈ ಕೆಲಸ ಖಂಡಿತ ಬೇಡ.

ಶುರು ಮಾಡಲೇಬೇಕೆಂದರೆ ಬಿಸಿಯಿಂದ ಚಿತ್ರವನ್ನು ಬಟ್ಟೆಗೆ ಒತ್ತುವ ಒಂದು ಹೀಟ್ ಪ್ರೆಸ್ ಮಾತ್ರ ಕೊಳ್ಳಿ. ಮೀಟರ್ ಲೆಕ್ಕದಲ್ಲಿ ಫಿಲ್ಮ್ ಮುದ್ರಿಸಿ, ಪುಡಿ ಹಾಕಿ, ಕಾಯಿಸಿ ಕೊಡುವವರು ಈಗ ಬೇಕಾದಷ್ಟಿದ್ದಾರೆ. ಆರ್ಡರ್ ಬಂದಷ್ಟು ಅವರಿಂದ ತರಿಸಿ ಒತ್ತಿದರಾಯಿತು. ಬದಲಾಯಿಸಿದ ಪ್ರಿಂಟರನ್ನೇ ಕೊಳ್ಳುವ ಹಟವಿದ್ದರೆ, ಎರಡು ದಿನ ಮುಟ್ಟದೆ ಇಟ್ಟ ಯಂತ್ರದಲ್ಲಿ ನಿಮ್ಮ ಕಣ್ಣೆದುರೇ ಬಿಳಿಯ ನಾಝಲ್ ಚೆಕ್ ತೆಗೆಸಿ ನೋಡಿ. ಈಗಾಗಲೇ ಮಾಡಿಸಿಕೊಂಡವರು ಬಿಳಿ ಇಂಕನ್ನು ದಿನವೂ ಕಲಕಿ, ಸ್ವಲ್ಪವಾದರೂ ಮುದ್ರಿಸಿ. ಕೆಲವು ದಿನ ಅಂಗಡಿ ಮುಚ್ಚುವುದಿದ್ದರೆ ಬಿಳಿಯ ಕೊಳವೆಯನ್ನು ಖಾಲಿ ಮಾಡಿ, ಕ್ಲೀನಿಂಗ್ ದ್ರವ ಹಾಯಿಸಿಟ್ಟು ಹೋಗಿ.