ಸ್ಪೀಡು ನಲವತ್ತು ದಾಟದಿದ್ದರೆ ಜಿಪ್ಸಿಯಂಥ ಗಾಡಿ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಹಿಂದಿನ ಸೀಟಿನಲ್ಲಿ ಕೂರುವವರ ಅಭಿಪ್ರಾಯ ಈ ವಿಮರ್ಶೆಯಲ್ಲಿ ಸೇರಿಲ್ಲ. ಸೇರಿಸಿದ್ದರೆ ಮನೆಯವರೆಲ್ಲಾ ಕೂತು ಓದುವ ಹಾಗಿರುತ್ತಿರಲಿಲ್ಲ.

ನನ್ನದು 2004ರ ಮಾರುತಿ ಜಿಪ್ಸಿ ಕಿಂಗ್. ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್, ಕ್ಯಾನ್ವಾಸ್ ಟಾಪು, ಹಿಂದೆ ಎದುರುಬದುರು ಅಡ್ಡ ಸೀಟು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಟಾರು ಮುಗಿದ ಮೇಲೆ ಮನೆವರೆಗೆ ಮಣ್ಣು ರಸ್ತೆ, ಮನೆಯಿಂದ ತೋಟಕ್ಕೆ ಕಡಿದಾದ ಇಳಿಜಾರು. ಮಳೆಗಾಲದಲ್ಲಿ ಆ ದಾರಿಯಲ್ಲಿ ನಮಗಿಂತ ಮೊದಲು ನೀರು ಇಳಿಯುತ್ತದೆ. ಗಾಡಿ ತಗೊಂಡಿದ್ದು ಅದಕ್ಕೋಸ್ಕರ. ಬೆಂಗಳೂರಿಗೆ ಹೋಗುವುದಾದರೆ ಬಸ್ಸಿದೆ. ಇಷ್ಟು ಮನಸ್ಸಲ್ಲಿ ಇಟ್ಟುಕೊಂಡು ಮುಂದೆ ಓದಿ. ದಿನಾ ಹೈವೇಯಲ್ಲಿ ಓಡಾಡುವವರಿಗೆ ನನ್ನ ಮಾತು ಒಂದೂ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಕಡೆ ಜೀಪು ಅಂದರೆ ಡೀಸೆಲ್ ಜೀಪೇ. ಮಹೀಂದ್ರ ಕಂಪನಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆ ಸಂತತಿಯ ಗಾಡಿಗಳ ಮೇಲೆಯೇ ಮಲೆನಾಡಿನ ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಬಾಣಂತಿ ಎಲ್ಲಾ ಓಡಾಡಿದ್ದು. ಕಾಲಿಡಲು ಜಾಗ ಇಲ್ಲದಿದ್ದರೂ ಡ್ರೈವರು "ಇನ್ನೊಂದ್ ಜನ ಆಗುತ್ತೆ, ಬನ್ನಿ ಬನ್ನಿ" ಅನ್ನುತ್ತಾನೆ. ಅಂಥ ಊರಿಗೆ ಪೆಟ್ರೋಲ್ ಜಿಪ್ಸಿ ತಂದು ನಿಲ್ಲಿಸಿದರೆ ಜನ ಏನಂತಾರೆ? ಶೋಕಿ ಅಂತಾರೆ. ನಮ್ಮ ಪಕ್ಕದ ತೋಟದವರು ಬಾನೆಟ್ ತಟ್ಟಿ ನೋಡಿ, "ತಗಡು ತೆಳು ಅಲ್ವಾ?" ಅಂದರು. ತೆಳುವೇ. ಆ ತೆಳುತನವೇ ಇದರ ಗುಟ್ಟು ಅಂತ ಆಗ ನನಗೂ ಗೊತ್ತಿರಲಿಲ್ಲ.

ಈ ಗಾಡಿಯ ವಂಶದಲ್ಲಿ ಶೋಕಿ ಅನ್ನುವುದು ಇಲ್ಲವೇ ಇಲ್ಲ. ಜಪಾನಿನಲ್ಲಿ ಹೋಪ್ ಮೋಟಾರ್ ಅಂತ ಒಂದು ಪುಟ್ಟ ಕಂಪನಿ ಇತ್ತು. 1968ರಲ್ಲಿ ಅದು ಓಎನ್360 ಅನ್ನುವ ಚಿಕ್ಕ ಫೋರ್‌ವೀಲ್ ಡ್ರೈವ್ ಗಾಡಿ ಮಾಡಿತು. ಎಂಜಿನ್ ಮಿತ್ಸುಬಿಷಿಯದು. ಬೆರಳೆಣಿಕೆಯಷ್ಟು ಗಾಡಿ ಮಾಡುವಷ್ಟರಲ್ಲಿ ಕಂಪನಿಯ ಕೈ ಸೋತಿತು. ಅದರ ಹಕ್ಕನ್ನು ಸುಜುಕಿ ಕೊಂಡುಕೊಂಡಿತು. ಕೊಳ್ಳಲೇಬೇಕು ಅಂತ ಪಟ್ಟು ಹಿಡಿದವರು ಒಸಾಮು ಸುಜುಕಿ. ಮುಂದೆ ಸುಜುಕಿಯನ್ನು ಭಾರತಕ್ಕೆ, ಮಾರುತಿಯ ಜೊತೆಗೆ ತಂದವರೂ ಅವರೇ. ಆ ಗಾಡಿಯಿಂದಲೇ 1970ರಲ್ಲಿ ಸುಜುಕಿಯ ಮೊದಲ ಜಿಮ್ನಿ ಬಂತು, ಎಲ್‌ಜೆ10 ಅಂತ. 359 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಹೆಚ್ಚುಕಡಿಮೆ ನಮ್ಮ ಹಳೆ ಬುಲೆಟ್ಟಿನಷ್ಟೇ ಸಿಸಿ! ಜಪಾನಿನ ಸಣ್ಣ ಕಾರುಗಳ ನಿಯಮದ ಪ್ರಕಾರ ಉದ್ದ ಮೂರು ಮೀಟರ್ ದಾಟುವಂತಿಲ್ಲ. ಸ್ಟೆಪ್ನಿಯನ್ನು ಹಿಂದೆ ನೇತುಹಾಕಿದರೆ ದಾಟುತ್ತದೆ. ಅದಕ್ಕೆ ಅದನ್ನು ಒಳಗೆ, ಹಿಂದೆ ಕೂರುವವನ ಪಕ್ಕಕ್ಕೇ ಇಟ್ಟರು. ನಾಲ್ಕನೆಯವನ ಜಾಗದಲ್ಲಿ ಚಕ್ರ ಕೂತಿತು. ಹಿಂದಿನ ಸೀಟಿನವರನ್ನು ಲೆಕ್ಕಕ್ಕೆ ಇಡದಿರುವುದು ಈ ಮನೆತನದಲ್ಲಿ ಮೊದಲಿಂದಲೂ ಬಂದಿದ್ದು, ನೋಡಿ.

1981ರಲ್ಲಿ ಬಂದ ಎಸ್‌ಜೆ ಸರಣಿಯ ಉದ್ದ ಚಾಸಿಯ ಗಾಡಿಯೇ 1985ರ ಕೊನೆಗೆ ನಮ್ಮಲ್ಲಿ ಜಿಪ್ಸಿ ಆಯಿತು, 970 ಸಿಸಿ ಎಂಜಿನ್ ಜೊತೆ. 1996ರಲ್ಲಿ 1.3 ಲೀಟರಿನ ಕಿಂಗ್ ಬಂತು. 2000ದಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಆಯಿತು. ಸೇನೆ, ಪೊಲೀಸು, ಅರಣ್ಯ ಇಲಾಖೆ ಎಲ್ಲಾ ಕಡೆ ಓಡಿತು. ಕಾರ್ಬೆಟ್, ರಣಥಂಬೋರ್‌ನಲ್ಲಿ ಸಫಾರಿ ಅಂದರೆ ಜಿಪ್ಸಿಯೇ. ಸುರಕ್ಷತೆ ಮತ್ತು ಹೊಗೆಯ ಹೊಸ ನಿಯಮಗಳು ಬಂದು 2019ರಲ್ಲಿ ಜನಸಾಮಾನ್ಯರಿಗೆ ಮಾರುವುದು ನಿಂತಿತು. ಅಷ್ಟು ವರ್ಷದಲ್ಲಿ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ, ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗ್.

ಖಾಲಿ ಗಾಡಿಯ ತೂಕ ಸಾವಿರ ಕೆಜಿಯೊಳಗೆ. ಇದೊಂದು ಸಂಖ್ಯೆ ನೆನಪಿದ್ದರೆ ಸಾಕು, ಮಿಕ್ಕಿದ್ದೆಲ್ಲಾ ಅದರ ಹಿಂದೆಯೇ ಬರುತ್ತದೆ. ಕೆಸರಲ್ಲಿ ಭಾರದ ಗಾಡಿ ಮೊದಲು ಇಳಿಯುತ್ತದೆ, ಆಮೇಲೆ ಹೊಟ್ಟೆ ತಾಗಿಸಿಕೊಂಡು ಕೂತುಬಿಡುತ್ತದೆ. ಜಿಪ್ಸಿ ಇಳಿಯುವ ಮೊದಲೇ ದಾಟಿರುತ್ತದೆ. ಹೂತುಕೊಂಡರೂ ಕೆಲಸಕ್ಕೆ ಬಂದ ಇಬ್ಬರು ಹಿಂದಿಂದ ಭುಜ ಕೊಟ್ಟರೆ ಹೊರಗೆ ಬರುತ್ತದೆ. ಒಂದು ಸಲ ಪಕ್ಕದ ತೋಟದವರ ಡೀಸೆಲ್ ಜೀಪು ಗದ್ದೆ ಅಂಚಲ್ಲಿ ಕೂತಾಗ ಹಗ್ಗ ಕಟ್ಟಿ ಎಳೆದಿದ್ದು ಇದೇ ತೆಳು ತಗಡು. ಆಮೇಲೆ ಬಾನೆಟ್ ತಟ್ಟುವುದು ನಿಂತಿದೆ.

ಈ ತೂಕದ ಮಾತಿಗೇ ಒಂದು ತಮಾಷೆ ಪ್ರಸಂಗ ಇದೆ. ಚಿಲಿ ದೇಶದ ಓಹೋಸ್ ದೆಲ್ ಸಲಾದೋ ಜ್ವಾಲಾಮುಖಿ ಪರ್ವತದ ಮೇಲೆ ಅತಿ ಎತ್ತರಕ್ಕೆ ಗಾಡಿ ಹತ್ತಿಸಿದ ದಾಖಲೆ ಜೀಪ್ ತಂಡದ ಹೆಸರಲ್ಲಿತ್ತು. "ಇಲ್ಲಿ ಜೀಪಿಗೆ ಮಾತ್ರ ಪಾರ್ಕಿಂಗ್" ಅಂತ ಒಂದು ಬೋರ್ಡನ್ನೂ ಮೇಲೆ ನೆಟ್ಟು ಬಂದಿದ್ದರು. 2007ರಲ್ಲಿ ಜಿಪ್ಸಿಯ ಅಣ್ಣತಮ್ಮನೇ ಆದ ಸುಜುಕಿ ಸಮುರಾಯ್, ಒಂದಿಷ್ಟು ಮಾರ್ಪಾಡು ಮಾಡಿಸಿಕೊಂಡು, 6,688 ಮೀಟರ್‌ವರೆಗೆ ಹತ್ತಿ ಆ ದಾಖಲೆ ಮುರಿಯಿತು. ಬೋರ್ಡನ್ನು ಕಿತ್ತು ಕೆಳಗೆ ತಂದರಂತೆ.

ಈಗ ನನಗೆ ತುಂಬಾ ಇಷ್ಟವಾದ ಕೆಲಸದ ಬಗ್ಗೆ. ನನ್ನ ಗಾಡಿಯ ಮುಂದಿನ ಚಕ್ರಗಳಿಗೆ ಹಳೆ ಮಾಲೀಕರು ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ ಹಾಕಿಸಿದ್ದರು. ಅದನ್ನು ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ. ಇಳಿಜಾರಿನ ತಲೆಯಲ್ಲಿ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕ್ ಎಳೆಯಬೇಕು. ಎಷ್ಟೇ ಮಳೆ ಇರಲಿ, ಇಳಿದು ಬಲಗಡೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಹಬ್ಬಿನ ಸಂದಿಯಲ್ಲಿ ಕೆಸರು ತುಂಬಿ ಗಟ್ಟಿಯಾಗಿರುತ್ತದೆ. ಅದಕ್ಕೆ ಡ್ಯಾಶ್‌ಬೋರ್ಡಲ್ಲಿ ಒಂದು ಹಳೆ ಟೂತ್‌ಬ್ರಷ್ ಇಟ್ಟಿದ್ದೇನೆ. ಉಜ್ಜಿ, ಬಿರಡೆಯನ್ನು ಫ್ರೀಯಿಂದ ಲಾಕ್‌ಗೆ ತಿರುಗಿಸಿದರೆ ಒಳಗೆ ಏನೋ ಕೂತ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಸುತ್ತು ಹಾಕಿ ಎಡಗಡೆಯದನ್ನೂ ತಿರುಗಿಸಿ ವಾಪಸ್ ಬಂದು ಕೂರುವಷ್ಟರಲ್ಲಿ ಬೆನ್ನು ಒದ್ದೆ. ಆಮೇಲೆ ಕ್ಲಚ್ ಒತ್ತಿ ಸಣ್ಣ ಲಿವರನ್ನು 2ಎಚ್‌ನಿಂದ (ಎರಡೇ ಚಕ್ರ, ಮಾಮೂಲಿ ಗೇರು) 4ಎಲ್‌ಗೆ (ನಾಲ್ಕೂ ಚಕ್ರ, ನಿಧಾನದ ಲೋ ರೇಂಜ್ ಗೇರು) ತಳ್ಳಬೇಕು. ಗಾಡಿ ಪೂರ್ತಿ ನಿಂತಿದ್ದರೆ ಮಾತ್ರ ಸಲೀಸಾಗಿ ಬೀಳುತ್ತದೆ. ಫಸ್ಟ್ ಗೇರ್ ಹಾಕಿ, ಎರಡೂ ಕಾಲು ಪೆಡಲಿನಿಂದ ತೆಗೆದು ನೆಲದ ಮೇಲಿಡುವುದು.

ಅಲ್ಲಿಂದ ಕೆಳಗೆ ಗಾಡಿ ತಾನೇ ಇಳಿಯುತ್ತದೆ. ನಾವು ನಡೆಯುವುದಕ್ಕಿಂತ ನಿಧಾನ. ಬ್ರೇಕ್ ಮುಟ್ಟಿದರೆ ಹಾವಸೆಗಟ್ಟಿದ ಜಂಬಿಟ್ಟಿಗೆ ಮೇಲೆ ಚಕ್ರ ಲಾಕ್ ಆಗಿ ಜಾರುತ್ತದೆ. ಮುಟ್ಟದಿದ್ದರೆ ಎಂಜಿನ್ ನಾಲ್ಕೂ ಚಕ್ರವನ್ನು ಹಿಡಿದುಕೊಂಡಿರುತ್ತದೆ. ಹಿಂದೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಬೆರೆಸಿದ್ದು) ಡ್ರಮ್ಮು, ಪಕ್ಕದಲ್ಲಿ ಸ್ಪ್ರೇ ಮಾಡುವವನು, ವೈಪರ್ ಕಿರ್ ಕಿರ್ ಅನ್ನುತ್ತಿರುತ್ತದೆ. ಅವನು ಸಾಮಾನ್ಯವಾಗಿ ಆ ಹೊತ್ತಿಗೆ ಎಲೆಯಡಿಕೆ ಹಾಕಿಕೊಳ್ಳುತ್ತಾನೆ, ಸುಣ್ಣ ಚೆಲ್ಲುವುದಿಲ್ಲ. ಇಷ್ಟು ನಿಧಾನಕ್ಕೆ ಗಾಡಿ ಓಡಿಸುವುದರಲ್ಲಿ ಇಷ್ಟು ಖುಷಿ ಇರುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ಹೊಸಬರಿಗೆ ಒಂದು ಮಾತು: ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಬೇಡಿ. ಇದರಲ್ಲಿ ಮುಂದಿನ, ಹಿಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹೋಗಲು ಬಿಡುವುದಿಲ್ಲ. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಆ ಬಿಗಿತವೆಲ್ಲಾ ಗೇರಿಗೆ ಬೀಳುತ್ತದೆ.

ಹೊಗಳಿದ್ದು ಸಾಕು. ಟಾರಿಗೆ ಬನ್ನಿ.

ತಗೊಂಡ ಮೊದಲ ವರ್ಷವೇ ಸ್ಟೇರಿಂಗ್ ನಡುಕ ಶುರುವಾಯಿತು. ಐವತ್ತೈದರ ಹತ್ತಿರ ಹೋಗುವಾಗ ಒಂದು ಸಣ್ಣ ಗುಂಡಿ ಸಿಕ್ಕರೆ ಸಾಕು, ಮುಂದಿನ ಎರಡೂ ಚಕ್ರ ಜರಡಿ ಹಿಡಿದ ಹಾಗೆ ಅಲ್ಲಾಡುತ್ತಿದ್ದವು. ನಿಲ್ಲಿಸುವಷ್ಟು ನಿಧಾನ ಆಗುವವರೆಗೂ ನಿಲ್ಲುತ್ತಿರಲಿಲ್ಲ. ಹೆಂಡತಿ ಒಂದು ಸಲ ಅನುಭವಿಸಿದ ಮೇಲೆ ಹತ್ತುವುದನ್ನೇ ಬಿಟ್ಟಳು. ಪೇಟೆಯ ಒಂದು ಗ್ಯಾರೇಜಿನವರು ಅಲೈನ್‌ಮೆಂಟ್ ಅಂದರು. ಮಾಡಿಸಿದೆ. ಬ್ಯಾಲೆನ್ಸಿಂಗ್ ಅಂದರು. ಆಯಿತು. ಟೈರು ಹೋಗಿದೆ ಅಂದರು, ಹೊಸ ಟೈರು ಹಾಕಿದರು. ಸ್ಟೇರಿಂಗ್ ಅದುರದಂತೆ ತಡೆಯುವ ಡ್ಯಾಂಪರ್ ಬದಲಿಸಿದರು, ಒಂದು ತಿಂಗಳು ಚೆನ್ನಾಗಿತ್ತು, ಮತ್ತೆ ಅದೇ ರಾಗ. ಬಿಲ್ಲು ಮಾತ್ರ ಪ್ರತಿ ಸಲ ಹೊಸದು. ಕೊನೆಗೆ "ಹಳೆ ಗಾಡಿ ಸಾರ್, ಹಂಗೇ" ಅಂದುಬಿಟ್ಟರು. ಮಾರಿಬಿಡೋಣ ಅಂತ ಅನ್ನಿಸಿದ್ದು ಆವಾಗಲೇ.

ಸರಿ ಮಾಡಿದ್ದು ಬೋರ್ಡೂ ಇಲ್ಲದ ಒಂದು ಶೆಡ್ಡಿನ ವಯಸ್ಸಾದ ಮೆಕ್ಯಾನಿಕ್ಕು. ಅವರು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಒಂದು ಸಲ ಅಲ್ಲಾಡಿಸಿದರು. "ಕಿಂಗ್‌ಪಿನ್" ಅಂದರು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಆ ಪಿನ್ನಿನ ಮೇಲೆ. ಬಿಚ್ಚಿದಾಗ ಬೇರಿಂಗಿನಲ್ಲಿ ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು. ಹೊಸದು ಹಾಕುವುದು ದೊಡ್ಡ ವಿಷಯ ಅಲ್ಲ, ಬಿಗಿ ಹೊಂದಿಸುವುದು ವಿಷಯ. ಪಿನ್ನಿನ ಕೆಳಗೆ ತೆಳುವಾದ ಶಿಮ್ ತಗಡುಗಳಿರುತ್ತವೆ. ಒಂದು ತೆಗೆದರೆ ಬಿಗಿ, ಒಂದು ಸೇರಿಸಿದರೆ ಸಡಿಲ. ಅವರು ಗೋಡೆಗೆ ನೇತುಹಾಕಿದ್ದ ಸ್ಪ್ರಿಂಗ್ ತಕ್ಕಡಿ ತಂದು ಅದರ ಕೊಕ್ಕೆಯನ್ನು ಚಕ್ರವನ್ನು ತಿರುಗಿಸುವ ತೋಳಿನ (ನಕಲ್ ಆರ್ಮ್) ತುದಿಗೆ ಸಿಕ್ಕಿಸಿ ಎಳೆದರು. ಮುಳ್ಳು ಎಲ್ಲಿ ಬಂದಾಗ ಚಕ್ರದ ಗುಂಬ ತಿರುಗಲು ಶುರು ಮಾಡುತ್ತದೆ ಅಂತ ನೋಡುವುದು. ಸಾಲಲಿಲ್ಲ. ಒಂದು ತಗಡು ತೆಗೆದರು, ಮತ್ತೆ ಎಳೆದರು. ತಕ್ಕಡಿ ಹಿಡಿದು ಗಾಡಿ ರಿಪೇರಿ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡೂ ಕಡೆಗೆ ಸೇರಿ ಆದ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ. ನಡುಕ ಆವತ್ತಿಂದ ಇಲ್ಲ. ಆದರೆ ಕಿವಿ, ಬೆನ್ನು, ಭಯ ಎಲ್ಲಾ ಸೇರಿ ನನ್ನನ್ನು ಈಗಲೂ ಅರವತ್ತರೊಳಗೇ ಇಡುತ್ತವೆ.

ಪಟ್ಟಾ ಸ್ಪ್ರಿಂಗಿನ ಬಗ್ಗೆ ಏನು ಹೇಳೋಣ? ಹಂಪಿನ ಮೇಲೆ ಮುಂದೆ ಕೂತವರು ಕುಲುಕುತ್ತಾರೆ, ಹಿಂದೆ ಕೂತವರು ಹಾರುತ್ತಾರೆ. ಭಾರ ಹೇರಿದಾಗ ಪರವಾಗಿಲ್ಲ. ಹಾಗಾಗಿ ಖಾಲಿ ಹೋಗಬೇಕಾದರೆ ನಾನು ಎರಡು ಮೂಟೆ ಮರಳು ಹಾಕಿಕೊಂಡೇ ಹೋಗುತ್ತೇನೆ. ಮೈಲೇಜು ಕೇಳಬೇಡಿ ಅಂದರೂ ಕೇಳುತ್ತೀರಿ: ಟಾರಿನಲ್ಲಿ ಹತ್ತು ಹನ್ನೊಂದು, ತೋಟದ ಕೆಲಸದಲ್ಲಿ ಅದೂ ಇಲ್ಲ.

ಇ20, ಅಂದರೆ ಶೇಕಡಾ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಇನ್ನೊಂದು ಚಿಂತೆ. ಇಷ್ಟು ಹಳೆ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಅಷ್ಟು ಎಥೆನಾಲ್‌ಗೆ ಅಂತ ಮಾಡಿದ್ದಲ್ಲ. ನಾನು ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಪೈಪೆಲ್ಲಾ ಬದಲಿಸಿಬಿಟ್ಟೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ಮುಂದೆ ಹಿಂದೆ ಓಡಿಸಿಡುತ್ತೇನೆ.

ಕಾಗದಪತ್ರದ ಖರ್ಚೂ ಏರುತ್ತಾ ಇದೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಫಿಟ್‌ನೆಸ್, ಹಸಿರು ತೆರಿಗೆ. ಕಾರುಗಳ ನವೀಕರಣ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ಮುಂದಿನ ಸಲ ನನ್ನದು ಆ ಸಾಲಿಗೆ ಬರುತ್ತದೆ.

"ಜಿಮ್ನಿ ತಗೋಬಹುದಿತ್ತಲ್ಲ?" ಅಂತ ಎಲ್ಲರೂ ಕೇಳುತ್ತಾರೆ. 2023ರಲ್ಲಿ ಐದು ಬಾಗಿಲಿನದು ಬಂದಾಗ ನಾನೂ ಓಡಿಸಿ ನೋಡಿದೆ. ಕಾಯಿಲ್ ಸ್ಪ್ರಿಂಗು, ಎಸಿ, ಏರ್‌ಬ್ಯಾಗು, ಅದೇ ಗಟ್ಟಿ ಚಾಸಿ, ಅದೇ ಲೋ ರೇಂಜ್. ಹೆಂಡತಿಗೆ ಇಷ್ಟವಾಯಿತು. ಶುರುವಾತಿನ ಬೆಲೆ ಆಗ 12.74 ಲಕ್ಷ ಇತ್ತು, ಅದೂ ಎಕ್ಸ್ ಶೋರೂಮ್. ಅಷ್ಟು ದುಡ್ಡಿನ ಗಾಡಿಗೆ ಸಗಣಿ ಗೊಬ್ಬರ ತುಂಬಿಸಲು ನನಗೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಅದಕ್ಕೆ ಅಂಥ ನೂಕುನುಗ್ಗಲು ಇರಲಿಲ್ಲ. 2025ರಲ್ಲಿ ಇಲ್ಲೇ ತಯಾರಾದ ಅದೇ ಗಾಡಿಯನ್ನು ಜಪಾನಿಗೆ ಕಳಿಸಿದರೆ ಅಲ್ಲಿ ನಾಲ್ಕೇ ದಿನದಲ್ಲಿ ಸುಮಾರು 50,000 ಬುಕಿಂಗ್ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು.

ಹಳೆ ಜಿಪ್ಸಿ ಹುಡುಕುವವರು ಎಂಜಿನ್ ಸದ್ದಿಗೆ ಮರುಳಾಗಬೇಡಿ. ಎಂಜಿನ್ ರಿಪೇರಿ ಸುಲಭ. ಕೆಳಗೆ ಮಲಗಿ ಚಾಸಿ ನೋಡಿ, ಸ್ಪ್ರಿಂಗ್ ಕಟ್ಟಿದ ಜಾಗದಲ್ಲಿ ಸ್ಕ್ರೂಡ್ರೈವರಿಂದ ಕುಟ್ಟಿ ನೋಡಿ. ಮುಂದಿನ ಚಕ್ರ ಎತ್ತಿಸಿ ಅಲ್ಲಾಡಿಸಿ. ಮ್ಯಾಟ್ ಎತ್ತಿ ಫ್ಲೋರು ನೋಡಿ. ತೋಟದ ಗಾಡಿಯಾದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಮೈಲುತುತ್ತು ಚೆಲ್ಲಿದ ಕಡೆ ಕಬ್ಬಿಣ ಉಳಿಯುವುದಿಲ್ಲ. ನನ್ನದರಲ್ಲಿ ಡ್ರಮ್ ಇಡುವ ಮೂಲೆಯಲ್ಲಿ ಈಗ ಅಂಗೈ ಅಗಲದ ತೂತಾಗಿದೆ. ವೆಲ್ಡರು ದೀಪಾವಳಿ ಕಳೆಯಲಿ ಅಂದಿದ್ದಾನೆ. ಅಲ್ಲಿವರೆಗೆ ಒಂದು ಹಲಗೆ ಹಾಸಿದ್ದೇನೆ, ಹಿಂದೆ ಕೂರುವವರು ಕಾಲು ನೋಡಿಕೊಂಡು ಇಡಬೇಕು.