ಪಾರ್ಕಿಗೆ ಒಲೆ ಹಾಕಿಸುವವರೇ, ದುಡ್ಡು ಕೊಡುವ ಮೊದಲು ಒಲೆಯ ಅಡಿ ನೋಡಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಎರಡು ವಾರ ಹಿಂದೆಮುಂದೆ ನೋಡಿದೆ. ಆದರೆ ನಮ್ಮ ಪಾರ್ಕಿಗೆ ಒಲೆ ಮಾರಿದ ಅಂಗಡಿಯವನೇ ಈಗ ಪಕ್ಕದ ಬಡಾವಣೆಯವರಿಗೂ ಕೊಟೇಶನ್ ಕೊಟ್ಟಿದ್ದಾನೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಮ್ಮ ಪಾರ್ಕಿನಲ್ಲಿ ರಜಾ ದಿನ ಬಂದರೆ ಜನ ಹುಲ್ಲಿನ ಮೇಲೇ ಇಟ್ಟಿಗೆ ಜೋಡಿಸಿ ಬೆಂಕಿ ಹಾಕುತ್ತಿದ್ದರು. ಅಲ್ಲಲ್ಲಿ ಹುಲ್ಲು ಸುಟ್ಟು ಕಪ್ಪು ವೃತ್ತಗಳಾಗಿದ್ದವು. ಅದಕ್ಕೆ ಎಲ್ಲರೂ ಬಳಸುವ ಹಾಗೆ ಮೂರು ಇದ್ದಿಲು ಒಲೆ ಹಾಕಿಸೋಣ ಅಂತ ಮಾತಾಯಿತು. ಅನುಮತಿ ಸಿಕ್ಕಿತು. ಮನೆಮನೆಗೆ ಹೋಗಿ ದುಡ್ಡು ಎತ್ತಿದ್ದು ನಾನು. ಹಾಗಾಗಿ ಈಗ ಎಲ್ಲರೂ ಕೇಳುವುದೂ ನನ್ನನ್ನೇ.

ಅಂಗಡಿಯಲ್ಲಿ ಒಂದು ಸ್ಯಾಂಪಲ್ ಇತ್ತು. ಎತ್ತಲು ನೋಡಿದೆ, ಅಲುಗಲೂ ಇಲ್ಲ. "ಇದು ಪಾರ್ಕಿನ ಮಾಲು ಮೇಡಂ, ಒಮ್ಮೆ ಹಾಕಿದರೆ ತಿರುಗಿ ನೋಡಬೇಕಾಗಿಲ್ಲ" ಅಂದ. 304 ಸ್ಟೀಲು, ಅಂದರೆ ಸುಲಭವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ, ಅಂತ ಅವನೇ ಬಾಯಿಬಿಟ್ಟು ಹೇಳಿದ, ನಾನು ಕೇಳಿರಲಿಲ್ಲ. ಕೊಟೇಶನ್‌ನಲ್ಲಿ ಬರೆದಿದ್ದು ಮಾತ್ರ "ಸ್ಟೀಲ್ ಒಲೆ, 3". ಓದಿಲ್ಲ ಅಂತಲ್ಲ. ಓದಿದೆ. ಓದಿಯೂ ಬಿಟ್ಟೆ. ಸ್ಟಾಕ್ ಮುಗಿಯುತ್ತದೆ ಅಂದ ಅಂತ ಪೂರ್ತಿ ದುಡ್ಡೂ ಮೊದಲೇ ಕೊಟ್ಟೆ. ಛೆ!

ಕೂರಿಸಲು ಬಂದ ದಿನ ಒಬ್ಬ ಹುಡುಗ ಒಂದು ಒಲೆಯನ್ನು ಒಂದೇ ಕೈಯಲ್ಲಿ ಸೊಂಟಕ್ಕೆ ಇಟ್ಟುಕೊಂಡು ನಡೆದು ಬಂದ. ಮಗು ಎತ್ತಿಕೊಂಡ ಹಾಗೆ! ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಷ್ಟು ಚುರುಕಾದ ಹುಡುಗ ಅಂದುಕೊಂಡೆ.

ಎರಡು ಮಳೆ ಬಿತ್ತು, ಅಷ್ಟೇ. ಕೆಂಡ ಹಾಕುವ ತಟ್ಟೆಯ ಮೂಲೆಗಳಲ್ಲಿ ಕಂದು ಪುಡಿ. ಬೆರಳಿಟ್ಟರೆ ಅಂಟುತ್ತಿತ್ತು. ಒಂದು ಒಲೆಯ ಕಾಲು ಕುಂಟುತ್ತಿತ್ತು. ನಮ್ಮಲ್ಲೊಬ್ಬರು ನಿವೃತ್ತ ಮೆಕ್ಯಾನಿಕ್ ಇದ್ದಾರೆ. ಅವರು ಜೇಬಿನಿಂದ ಚಿಕ್ಕ ಆಯಸ್ಕಾಂತ ತೆಗೆದು ಒಲೆಗೆ ಹಿಡಿದರು. ಟಪ್ ಅಂತ ಅಂಟಿತು. 304ರಲ್ಲಿ ನಿಕಲ್ ಸುಮಾರು ಶೇ. 8ರಷ್ಟು ಇರುತ್ತದೆ, ಬಾಗಿಸಿದ ಕಡೆ ಅಲ್ಪಸ್ವಲ್ಪ ಬಿಟ್ಟರೆ ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲವಂತೆ. ಹೀಗೆ ಗಟ್ಟಿಯಾಗಿ ಅಂಟಿದರೆ ಅದು 430 ಥರದ ಇನ್ನೊಂದು ದರ್ಜೆಯ ಸ್ಟೀಲು, ಇಲ್ಲವೇ ಬರೀ ಕಬ್ಬಿಣ. ಮನೆಯೊಳಗೆ 430 ಪರವಾಗಿಲ್ಲ, ಹೊರಗೆ ಮಳೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಆಮೇಲೆ ಅವರು ನೆಲಕ್ಕೆ ಮಂಡಿಯೂರಿ ತಟ್ಟೆಯ ಅಡಿ ಟಾರ್ಚ್ ಬಿಟ್ಟರು. "ಇಲ್ಲಿ ಬನ್ನಿ ಮೇಡಂ" ಅಂದರು. ಬಗ್ಗಿ ನೋಡಿದೆ. ಒಂದು ಸ್ಟಿಕ್ಕರ್. ಯಾರೋ ಉಗುರಿನಲ್ಲಿ ಅರ್ಧ ಕೆರೆದು ಬಿಟ್ಟಿದ್ದರು. ಉಳಿದ ಅರ್ಧದಲ್ಲಿ ಓದಲು ಸಿಕ್ಕಿದ್ದು: "ಮನೆ ಬಳಕೆಗೆ ಮಾತ್ರ. ಸಾರ್ವಜನಿಕ ಬಳಕೆಗೆ ವಾರಂಟಿ ಇಲ್ಲ."

ಹಿಂದೆ ಏಳೆಂಟು ಜನ ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ನಾನು ಎಷ್ಟೋ ಹೊತ್ತು ಬಗ್ಗಿಕೊಂಡೇ ಇದ್ದೆ, ಎದ್ದರೆ ಅವರ ಮುಖ ನೋಡಬೇಕಲ್ಲ.

ಫೋನ್ ಮಾಡಿದೆ. ಮೊದಲು, "ಅದು ತುಕ್ಕಲ್ಲ ಮೇಡಂ, ಕೆಂಡದ ಬಣ್ಣ." ಸ್ಟಿಕ್ಕರ್ ಫೋಟೋ ಕಳಿಸಿದೆ. "ಪಾರ್ಕಿಗೆ ಅಂತ ನೀವು ಹೇಳಿದ್ದು, ನಾನೆಲ್ಲಿ ಬರೆದುಕೊಟ್ಟಿದ್ದೇನೆ?" ಅಂಗಡಿಯಲ್ಲಿ ಇಟ್ಟಿದ್ದ ಆ ಭಾರದ ಒಲೆ? "ಅದು ಡಿಸ್‌ಪ್ಲೇ ಪೀಸ್." ಕೊನೆಗೆ, "ಅಷ್ಟು ಜನ ಬಳಸಿದರೆ ನಾನೇನು ಮಾಡಲಿ ಮೇಡಂ?" ಪಾರ್ಕಿನ ಒಲೆಯನ್ನು ಜನ ಬಳಸದೆ ಇನ್ಯಾರು ಬಳಸಬೇಕು!

ಬೂದಿ ಡಬ್ಬಿಯದ್ದು ಇನ್ನೊಂದು ಕಥೆ. "ಡಬ್ಬಿ ಸೇರಿಸಿಯೇ ರೇಟು" ಅಂದಿದ್ದ. ಬಂದಿದ್ದು ಪ್ಲಾಸ್ಟಿಕ್ ಡಬ್ಬಿ! ಬೂದಿಯೊಳಗೆ ಮುಚ್ಚಿಕೊಂಡ ಕೆಂಡ ಒಂದು ದಿನ ಕಳೆದರೂ ಬಿಸಿ ಇರಬಹುದು. ಮುಚ್ಚಳ ಇರುವ ಲೋಹದ ಡಬ್ಬಿಯೇ ಬೇಕು. ಯಾರೋ ರಾತ್ರಿ ಬೂದಿ ಸುರಿದು ಹೋದರು, ಬೆಳಿಗ್ಗೆ ಡಬ್ಬಿ ಕರಗಿ ನೆಲಕ್ಕೆ ಅಂಟಿತ್ತು. ಪಕ್ಕದಲ್ಲಿ ಒಣ ಎಲೆ ಇರಲಿಲ್ಲ, ಬಚಾವ್. ಇದಕ್ಕೆ ಬಂದ ಉತ್ತರ: "ಬೂದಿ ಆರಿದ ಮೇಲೆ ಹಾಕಬೇಕು, ಅಷ್ಟೂ ಗೊತ್ತಿಲ್ವಾ?" ದುಡ್ಡು ಹೋಗಿದ್ದಕ್ಕಿಂತ ಈ ಮಾತು ಜಾಸ್ತಿ ಚುಚ್ಚಿತು.

ರಾಜಿಗೆ ಅಂತ ಇನ್ನೊಂದು ಐಡಿಯಾ ಕೊಟ್ಟ. ಜಾಲರಿ ಬದಲಿಸಿ ಕೊಡುತ್ತಾನಂತೆ, ಸತು ಲೇಪನದ್ದು, ತುಕ್ಕೇ ಹಿಡಿಯಲ್ಲವಂತೆ. ನಾನು ಹೂಂ ಅಂದುಬಿಡುತ್ತಿದ್ದೆ. ಮೆಕ್ಯಾನಿಕ್ ತಡೆದರು. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಇದ್ದಿಲಿನ ಕೆಂಡ ಅದನ್ನು ಸುಲಭವಾಗಿ ದಾಟುತ್ತದೆ. ಕಾದ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ, ಅಂಥ ಜಾಲರಿಯ ಮೇಲೆ ತಿನ್ನುವ ಪದಾರ್ಥ ಇಡುವುದಂತೂ ಬೇಡವೇ ಬೇಡ. ಬೇಡ ಅಂತ ಮೆಸೇಜ್ ಹಾಕಿದ ಮೇಲೆ ಆತ ಉತ್ತರವನ್ನೇ ಕೊಟ್ಟಿಲ್ಲ. ನೋಡಿದ್ದಾನೆ, ನೀಲಿ ಗೆರೆ ಬಂದಿದೆ.

ನೀವು ಹಾಕಿಸುವುದಾದರೆ ಆಯಸ್ಕಾಂತ ತೆಗೆದುಕೊಂಡು ಹೋಗಿ. ಆದರೆ ಅಂಟಲಿಲ್ಲ ಅಂತ ಅದನ್ನೇ ನಂಬಬೇಡಿ. 201 ಅಂತ ಅಗ್ಗದ ಸ್ಟೀಲಿದೆ, ಅದಕ್ಕೂ ಆಯಸ್ಕಾಂತ ಹಿಡಿಯುವುದಿಲ್ಲ. ಯಾವ ಸ್ಟೀಲು, ತಗಡು ಎಷ್ಟು ಮಿಲಿಮೀಟರ್ ದಪ್ಪ, "ಸಾರ್ವಜನಿಕ ಬಳಕೆಗೆ" ಅನ್ನುವ ಮಾತು, ಎಲ್ಲ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ನಾನು ಕೊಟ್ಟ ಬೆಲೆ ಸಾಕು. ದುಡ್ಡಿನಲ್ಲಿ ಒಂದು ಪಾಲು ಒಂದು ಮಳೆ ಮುಗಿಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.

ಸದ್ಯ ಮೂರೂ ಒಲೆಗಳಿಗೆ ಹಗ್ಗ ಕಟ್ಟಿದ್ದೇವೆ. ಮೊನ್ನೆ ಭಾನುವಾರ ಅದೇ ಒಲೆಗಳ ಪಕ್ಕದಲ್ಲೇ ಯಾರೋ ಮತ್ತೆ ಇಟ್ಟಿಗೆ ಜೋಡಿಸಿದ್ದರು. ಬೈಯಲು ಬಾಯಿ ಬರಲಿಲ್ಲ.

ಸ್ಟಿಕ್ಕರ್ ಫೋಟೋ ನನ್ನ ಹತ್ತಿರ ಇದೆ. ನಿಮಗೂ "ಸ್ಟೀಲ್ ಒಲೆ" ಅಂತಷ್ಟೇ ಬರೆದ ಕೊಟೇಶನ್ ಬಂದಿದ್ದರೆ ಕೇಳಿ, ಕಳಿಸುತ್ತೇನೆ.