ಕುಂಗ್ ಫು ಹಸಲ್: ಹೊಡೆತದ ಒಳಗೇ ಇರುವ ನಗು

ಹಲವು ಬಗೆಯ ಸಿನಿಮಾಗಳನ್ನು ಒಂದೇ ಚಿತ್ರಕ್ಕೆ ತುರುಕಿದಾಗ ಆಗುವ ಎಡವಟ್ಟು ಗೊತ್ತಿರುವುದೇ. ಫೈಟ್ ಮುಗಿದ ಮೇಲೆ ಕಾಮಿಡಿ, ಕಾಮಿಡಿ ಮುಗಿದ ಮೇಲೆ ಸೆಂಟಿಮೆಂಟ್, ಎಲ್ಲವೂ ಸರದಿಯ ಪ್ರಕಾರ. ಸ್ಟೀಫನ್ ಚೌ ನಿರ್ದೇಶಿಸಿ ನಟಿಸಿದ ಹಾಂಗ್‌ಕಾಂಗ್‌ನ ‘ಕುಂಗ್ ಫು ಹಸಲ್’ (2004) ಈ ಸರದಿಯನ್ನೇ ಕಿತ್ತುಹಾಕುತ್ತದೆ.

ಶುರುವಿನಲ್ಲೇ ನೋಡಿ. ಪೊಲೀಸ್ ಠಾಣೆಯಲ್ಲೇ ದಾಂಧಲೆ ಮಾಡಿ ಹೊರಬಂದ ರೌಡಿಯನ್ನು ಕೊಡಲಿ ಗ್ಯಾಂಗ್ ಮುಗಿಸುತ್ತದೆ. ಹೋಗಲು ಬಿಟ್ಟ ಅವನ ಜೊತೆಗಿದ್ದ ಹೆಂಗಸಿನ ಬೆನ್ನಿಗೂ ಗುಂಡು ಬೀಳುತ್ತದೆ. ಆಮೇಲೆ ಅದೇ ಕೊಲೆಗಡುಕರು ಸಾಲಾಗಿ ನಿಂತು ಕುಣಿಯುತ್ತಾರೆ! ನಗಬೇಕೋ ಬೇಡವೋ ಎಂಬ ಇರುಸುಮುರುಸು ಬೇಕೆಂದೇ ಇಟ್ಟದ್ದು.

ಅಸಾಧ್ಯವಾದದ್ದನ್ನು ಚೌ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಈ ಗ್ಯಾಂಗ್ ಎದುರುಹಾಕಿಕೊಳ್ಳುವ ಬಡವರ ವಠಾರವೊಂದರ ಮೊದಲ ಕಾಳಗದಲ್ಲಿ ಕೂಲಿಯವನ ಒದೆತ, ದರ್ಜಿಯ ಕೈಯ ಕಬ್ಬಿಣದ ಬಳೆ, ತಿಂಡಿ ಮಾಡುವವನ ಕೋಲು. ಮುಂದೆ ವಠಾರದ ಒಡತಿ ನಾಯಕನನ್ನು (ಚೌ) ಅಟ್ಟಿಸಿಕೊಂಡು ಬರುವಾಗ ಕಾಲುಗಳು ಕಾರ್ಟೂನಿನಂತೆ ಗಿರಗಿರ ತಿರುಗುತ್ತವೆ. ಅದನ್ನು ಒಪ್ಪಿಕೊಂಡವರಿಗೆ ತಂತಿವಾದ್ಯದ ನಾದವೇ ಕತ್ತಿಯಾಗಿ ಹಾರಿ ಬಂದರೂ ತಕರಾರಿಲ್ಲ. ಈ ವಾದ್ಯದ ದೃಶ್ಯವೇ ಚಿತ್ರದ ಅತ್ಯುತ್ತಮ ಭಾಗ: ಒಂದೇ ಏಟಿಗೆ ಸಂಗೀತ, ಭಯ, ಫೈಟ್ ಮೂರೂ.

ಸಾಹಸ ಸಂಯೋಜನೆಯನ್ನು ಹಾಂಗ್‌ಕಾಂಗ್‌ನ ಹೆಸರಾಂತ ಫೈಟ್ ಮಾಸ್ಟರ್‌ಗಳಾದ ಸ್ಯಾಮೋ ಹಂಗ್ ಆರಂಭಿಸಿದರು, ಯುಯೆನ್ ವೂ-ಪಿಂಗ್ ಮುಗಿಸಿದರು. ವಠಾರದ ಯಜಮಾನನಾಗಿ ನಟಿಸಿದ ಯುಯೆನ್ ವಾ ಒಂದು ಕಾಲಕ್ಕೆ ಬ್ರೂಸ್ ಲೀಗೆ ಡ್ಯೂಪ್ ಆಗಿದ್ದವರು. ಒಡತಿಯಾಗಿ ನಟಿಸಿದ ಯುಯೆನ್ ಚಿಯು ಕೂಡ ಪೀಕಿಂಗ್ ಆಪೆರಾದ (ಹಾಡು, ಕಸರತ್ತು ಬೆರೆತ ಚೀನೀ ರಂಗಕಲೆ) ಗರಡಿಯಲ್ಲಿ ಪಳಗಿದವರೇ. ಹಾಗಾಗಿ ಕ್ಯಾಮೆರಾ ಹಿಂದೆ ಸರಿದು ಇಡೀ ಮೈಯನ್ನು ತೋರಿಸಬಲ್ಲದು. ಏಟು ಎಲ್ಲಿಂದ ಹೊರಟು ಎಲ್ಲಿ ಬಿತ್ತು ಎಂಬುದು ಕಾಣುವುದರಿಂದಲೇ ಅದು ನಗಿಸುತ್ತದೆ.

ಎಡವಿರುವುದು ಪ್ರೇಮದಲ್ಲಿ. ಮಾತು ಬಾರದ ಐಸ್‌ಕ್ರೀಂ ಹುಡುಗಿಗೆ ಸಿಕ್ಕಿರುವುದು ಬೆರಳೆಣಿಕೆಯ ದೃಶ್ಯಗಳು. ಅವಳು ನಾಯಕನ ಬಾಲ್ಯವನ್ನು ನೆನಪಿಸಲೆಂದೇ ಇದ್ದಾಳೆ, ಅಷ್ಟೇ. ಪುಂಡನಾಗಿದ್ದ ಆತ ವಠಾರದವರ ಪಕ್ಷಕ್ಕೆ ಹೊರಳುವುದೂ ದಿಢೀರನೆ. ಕೊನೆಯ ಕಾಳಗದ ‘ಬುದ್ಧನ ಅಂಗೈ’ ಎಂಬ ಹೊಡೆತದ ಗ್ರಾಫಿಕ್ಸ್‌ಗೆ ಈಗ ವಯಸ್ಸಾಗಿದೆ, ಹಳೆಯ ವಿಡಿಯೊ ಗೇಮ್ ನೋಡಿದಂತಾಗುತ್ತದೆ.

ಇಂಗ್ಲಿಷ್ ಡಬ್ಬಿಂಗ್ ಬೇಡ. ಒಡತಿಯ ಬೈಗುಳದ ಲಯವೇ ಅರ್ಧ ಹಾಸ್ಯ, ಅದು ಚಿತ್ರದ ಮೂಲ ಭಾಷೆಯಾದ ಕ್ಯಾಂಟನೀಸ್‌ನಲ್ಲಿ ಸಬ್‌ಟೈಟಲ್ ಇಟ್ಟುಕೊಂಡು ಕೇಳಿದರೇ ಸಿಗುವುದು. ಪೋಸ್ಟರ್ ನೋಡಿ ಮಕ್ಕಳ ಚಿತ್ರವೆಂದುಕೊಳ್ಳಬೇಡಿ: ಆ ವಾದ್ಯದ ದೃಶ್ಯದಲ್ಲೇ ಒಬ್ಬನ ತಲೆ ಉರುಳುತ್ತದೆ.